ಹೆದರಿಕೆ, ಋಣ ಮತ್ತು ನಮ್ಮ ವೋಟು

ಕುಬಟೂರಿಗೆ ನಾವು ಹೋಗಿದ್ದು ದೇವಸ್ಥಾನ ನೋಡೋಕೆ. ಚುನಾವಣೆ ಬಗ್ಗೆ ಬರೆಯುವ ಪ್ಲಾನ್ ಇರಲೇ ಇಲ್ಲ. ಸೆಮಿಸ್ಟರ್ ರಜೆಯಲ್ಲಿ ಕನ್ನಡ ಸಂಘದ ಐದು ಜನ ಸೇರಿ, ಸೊರಬ ತಾಲ್ಲೂಕಿನ ಆನವಟ್ಟಿ ಹತ್ತಿರ ಇರುವ ಈ ಊರಿಗೆ ಹೋದೆವು. ಕೈಟಭೇಶ್ವರ ದೇವಸ್ಥಾನ ಸುಮಾರು ಕ್ರಿ.ಶ. 1100ರದ್ದು. ಅಲ್ಲಿನ ಕಂಬಗಳನ್ನು ನೋಡಿದ ನಮ್ಮ ಮೆಕ್ಯಾನಿಕಲ್ ಗೆಳೆಯ, "ಇದನ್ನ ಲೇತ್ ಇಲ್ದೆ ಹೆಂಗೆ ಮಾಡಿದ್ರು ಮಾರಾಯಾ" ಅಂತ ಅರ್ಧ ಗಂಟೆ ಅಲ್ಲೇ ನಿಂತುಬಿಟ್ಟ.

ಈ ಊರಿಗೆ ಇನ್ನೂ ಎರಡು ಗುರುತುಗಳಿವೆ. ಒಂದು, ಚಂದ್ರಹಾಸನ ಕತೆಯಲ್ಲಿ ಬರುವ ಕುಂತಳ ನಗರ ಇದೇ ಅನ್ನುವ ಹಳೆಯ ನಂಬಿಕೆ. ಇನ್ನೊಂದು, ಮುಖ್ಯಮಂತ್ರಿಯಾಗಿದ್ದ ಎಸ್. ಬಂಗಾರಪ್ಪ ಅವರ ಹುಟ್ಟೂರು ಇದು. ವಾಪಸ್ ಬರುವ ಬಸ್ಸಿನಲ್ಲಿ ಈ ಎರಡೂ ಸೇರಿ ದೊಡ್ಡ ವಾದವಾಯಿತು. ಆ ವಾದವೇ ಈ ಲೇಖನ.

ಚಂದ್ರಹಾಸನ ಕತೆ ಯಕ್ಷಗಾನ ನೋಡಿದವರಿಗೆ ಗೊತ್ತು. ಮಂತ್ರಿ ದುಷ್ಟಬುದ್ಧಿ ತನ್ನ ಮಗನಿಗೆ ಒಂದು ಪತ್ರ ಬರೆದು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ಪತ್ರ ತಂದವನಿಗೆ ವಿಷ ಕೊಡು ಅಂತ ಅದರಲ್ಲಿರುತ್ತದೆ. ಚಂದ್ರಹಾಸ ಅದನ್ನು ಬಿಚ್ಚಿ ನೋಡುವುದಿಲ್ಲ. ಬೇರೆಯವರ ಪತ್ರ ಓದಬಾರದು, ಒಪ್ಪಿಕೊಂಡ ಕೆಲಸ ಮಾಡಿ ಮುಗಿಸಬೇಕು ಅನ್ನುವ ಒಳ್ಳೆಯ ಬುದ್ಧಿ ಅವನದು. ತೋಟದಲ್ಲಿ ನಿದ್ದೆ ಹೋದಾಗ ಮಂತ್ರಿಯ ಮಗಳು ವಿಷಯೆ ಪತ್ರ ಬಿಚ್ಚಿ ಓದಿ, 'ವಿಷ' ಅಂತ ಇದ್ದಲ್ಲಿ 'ವಿಷಯೆ' ಅಂತ ತಿದ್ದಿದ್ದಕ್ಕೆ ಅವನು ಉಳಿದ, ಮದುವೆಯೂ ಆಯಿತು.

ಇಷ್ಟು ವರ್ಷ ಇದನ್ನು ಲವ್ ಸ್ಟೋರಿ ಅಂದುಕೊಂಡಿದ್ದೆವು. ಬಸ್ಸಿನಲ್ಲಿ ಬೇರೇನೋ ಹೊಳೆಯಿತು. ಚಂದ್ರಹಾಸನನ್ನು ಸಾವಿನ ಬಾಗಿಲಿಗೆ ಕಳಿಸಿದ್ದು ಅವನ ಕೆಟ್ಟ ಗುಣ ಅಲ್ಲ, ಒಳ್ಳೆ ಗುಣ. ಅದನ್ನೇ ಅವನ ವಿರುದ್ಧ ಬಳಸಿಕೊಂಡರು. ನಮ್ಮ ಚುನಾವಣೆಗಳಲ್ಲೂ ಹೀಗೇ ಆಗುತ್ತಿದೆ ಅಂತ ನಮಗೆ ಅನ್ನಿಸುತ್ತದೆ. "ಜನ ದುಡ್ಡಿಗೆ ವೋಟು ಮಾರ್ಕೊಂಡ್ರು, ಜಾತಿ ನೋಡಿ ಹಾಕಿದ್ರು" ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದರ ಕೆಳಗೆ ಇನ್ನೂ ಎರಡು ವಿಷಯಗಳಿವೆ: ಹೆದರಿಕೆ ಮತ್ತು ಋಣ. ಹೆದರಿಕೆ ಕೆಟ್ಟದ್ದು, ಋಣ ಒಳ್ಳೆಯದು ಅಂತ ನಾವು ಬೇರೆ ಬೇರೆ ಇಡುತ್ತೇವೆ. ಆದರೆ ವೋಟಿನ ವಿಷಯದಲ್ಲಿ ಇವೆರಡೂ ಎಷ್ಟೋ ಸಲ ಒಂದೇ ಕೆಲಸ ಮಾಡುತ್ತವೆ.

ಹಳ್ಳಿಯವರ ಬಗ್ಗೆ ಮಾತಾಡುವ ಮುಂಚೆ ನಮ್ಮ ಕ್ಲಾಸಿನ ಕತೆ ಹೇಳಿಬಿಡುತ್ತೇವೆ. ಫಸ್ಟ್ ಇಯರ್‌ನಲ್ಲಿ ಸಿಆರ್ ಆಯ್ಕೆ ಇತ್ತು. ಇಬ್ಬರು ನಿಂತಿದ್ದರು. ಒಬ್ಬನಿಗೆ ಸೀನಿಯರ್‌ಗಳ ಬೆಂಬಲ. ಹಿಂದಿನ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಅವನದ್ದೇ ಟ್ರೀಟ್. ಮೊದಲು ವಾಟ್ಸಾಪ್ ಗ್ರೂಪಿನಲ್ಲಿ ಪೋಲ್ ಹಾಕಿದರು. ಆ ಪೋಲಿನಲ್ಲಿ ಯಾರು ಯಾರಿಗೆ ಹಾಕಿದರು ಅಂತ ಹೆಸರು ಸಮೇತ ಕಾಣುತ್ತದಲ್ಲ, ಎಲ್ಲರೂ ಅವನಿಗೇ ಒತ್ತಿದೆವು. ಆಮೇಲೆ ಕ್ಲಾಸಿನಲ್ಲಿ ಕೈ ಎತ್ತಿಸಿದರು. 63 ಜನರಲ್ಲಿ ಇನ್ನೊಬ್ಬಳ ಪರ ಎದ್ದದ್ದು 6 ಕೈ. ಯಾರೋ ಒಬ್ಬರು ಎದ್ದು, "ಚೀಟಿ ಹಾಕೋಣ" ಅಂದರು. ಚೀಟಿಯಲ್ಲಿ ಅವಳಿಗೆ ಬಂದದ್ದು 27. ಗೆದ್ದಿದ್ದು ಅವನೇ. ಆದರೆ ಆರು ಇಪ್ಪತ್ತೇಳಾಯಿತು. ಅಂದರೆ ಹತ್ತು ನಿಮಿಷದ ಹಿಂದೆ ನಮ್ಮಲ್ಲಿ 21 ಜನ ಕೈಯಲ್ಲಿ ಸುಳ್ಳು ಹೇಳಿದ್ದೆವು.

ಯಾಕೆ ಅಂತ ಆಮೇಲೆ ಕೇಳಿಕೊಂಡರೆ ಎರಡು ಉತ್ತರ ಬಂತು. "ಸೀನಿಯರ್ಸ್ ನೋಡ್ತಿರ್ತಾರೆ, ಯಾಕೆ ಬೇಕು" ಅನ್ನುವುದು ಒಂದು. "ಬಿರಿಯಾನಿ ತಿಂದಾಯ್ತು, ಇನ್ನೊಬ್ರಿಗೆ ಹಾಕೋದು ಚೆನ್ನಾಗಿರಲ್ಲ" ಅನ್ನುವುದು ಇನ್ನೊಂದು. ಒಂದು ಹೆದರಿಕೆ, ಒಂದು ಋಣ. ಇಂಟರ್ನಲ್ಸ್ ಮಾರ್ಕ್ಸ್ ಬಿಟ್ಟರೆ ಕಳೆದುಕೊಳ್ಳಲು ಏನೂ ಇಲ್ಲದ ನಾವೇ ಹೀಗಾದರೆ, ಜಮೀನು, ಮನೆ, ರೇಷನ್ ಕಾರ್ಡು ಎಲ್ಲ ಪಣಕ್ಕಿರುವವರ ಬಗ್ಗೆ ಉಪದೇಶ ಮಾಡಲು ನಮಗೇನು ಹಕ್ಕಿದೆ?

ಈಗ ಸೊರಬದ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿಗೆ ಬನ್ನಿ. 1951ರಲ್ಲಿ ಅಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಭತ್ತ ಅಳೆಯುವ ಕೊಳಗದಿಂದ ಜಗಳ ಶುರುವಾಯಿತು. ಗೇಣಿ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದು ಅನ್ನುವುದು ರೈತರ ತಕರಾರು. ಎಚ್. ಗಣಪತಿಯಪ್ಪ ಸಂಘಟನೆ ಮಾಡಿದರು, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಸೇರಿಕೊಂಡರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವ ನೆಲ ಒಡೆಯರದ್ದು, ಕೂತ ಮನೆಯ ಜಾಗವೂ ಒಡೆಯರದ್ದು. ಎದುರು ಮಾತಾಡಿದರೆ ಎರಡೂ ಹೋಗುತ್ತಿತ್ತು. ಆ ಹೆದರಿಕೆ ಭ್ರಮೆ ಆಗಿರಲಿಲ್ಲ, ಲೆಕ್ಕಾಚಾರವೇ ಆಗಿತ್ತು.

ಮರುವರ್ಷ, ಅಂದರೆ 1952ರ ಮೊದಲ ಚುನಾವಣೆಯಲ್ಲಿ, ಸಾಗರ-ಹೊಸನಗರದಿಂದ ಗೋಪಾಲಗೌಡರು ಗೆದ್ದು ಶಾಸಕರಾದರು. ಊರ ಕಟ್ಟೆಯಲ್ಲಿ ಕೈ ಎತ್ತಿಸಿ ವೋಟು ಹಾಕಿಸಿದ್ದರೆ ಹೀಗೆ ಆಗುತ್ತಿತ್ತಾ? ನಮ್ಮ ಕ್ಲಾಸಿನ ಅನುಭವದ ಮೇಲೆ ಹೇಳುವುದಾದರೆ, ಕಷ್ಟ. ಗುಟ್ಟಿನ ಮತದಾನ ಅನ್ನುವುದನ್ನು ನಾವು ಸಿವಿಕ್ಸ್ ಪುಸ್ತಕದಲ್ಲಿ ಒಂದು ಮಾರ್ಕಿನ ಪ್ರಶ್ನೆಯಾಗಿ ಓದಿದ್ದೆವು. ಗೇಣಿದಾರನಿಗೆ ಅದು ಒಡೆಯರ ಕಣ್ಣಿಗೆ ಬೀಳದೆ ನಿಂತುಕೊಳ್ಳಬಹುದಾದ ಒಂದೇ ಒಂದು ಜಾಗ.

ಆದರೆ ಪೆಟ್ಟಿಗೆಯ ಗುಟ್ಟೊಂದೇ ಸಾಲಲಿಲ್ಲ. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ಭೂನ್ಯಾಯಮಂಡಳಿಗಳ ಮುಂದೆ ಅರ್ಜಿ ಹಾಕಿದ ಗೇಣಿದಾರರ ಹೆಸರಿಗೆ ನೆಲ ಬಂದ ಮೇಲೆ ಹಳೆಯ ಹೆದರಿಕೆಯ ಬೇರು ಸಡಿಲವಾಯಿತು. ಇದರಲ್ಲಿ ನಮಗೊಂದು ಪಾಠ ಇದೆ. ಧೈರ್ಯ ಬರೀ ಗುಣ ಅಲ್ಲ. ಅದಕ್ಕೊಂದು ಪಹಣಿಯೂ ಬೇಕು. "ನಿರ್ಭೀತರಾಗಿ ಮತ ಚಲಾಯಿಸಿ" ಅಂತ ಪೋಸ್ಟರ್ ಅಂಟಿಸುವುದು ಸುಲಭ, ಹೆದರಿಕೆಯ ಕಾರಣ ತೆಗೆಯುವುದು ಕಷ್ಟ.

ಈಗ ಒಡೆಯರ ಹೆದರಿಕೆ ಇಲ್ಲ, ನಿಜ. ಬೇರೆ ಇದೆ. ಮಲೆನಾಡಿನಲ್ಲಿ ಎಷ್ಟೋ ಮನೆಯವರು ಬಗರ್ ಹುಕುಂ ಸಾಗುವಳಿ ಮಾಡುತ್ತಿದ್ದಾರೆ. ಅಂದರೆ ಸರ್ಕಾರಿ ಜಮೀನನ್ನು ವರ್ಷಗಟ್ಟಲೆ ಉಳುತ್ತಿದ್ದಾರೆ, ಹಕ್ಕುಪತ್ರ ಇಲ್ಲ. ಸಕ್ರಮ ಮಾಡುವ ಸಮಿತಿಗೆ ಆಯಾ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಯಾರು ಶಾಸಕರಾದರೂ ಇದು ಹೀಗೇ. ಯಾವ ಪಕ್ಷದ, ಯಾವ ವ್ಯಕ್ತಿಯ ತಪ್ಪೂ ಇದಲ್ಲ, ವ್ಯವಸ್ಥೆಯೇ ಹಾಗಿದೆ. ಆದರೆ ಅರ್ಜಿ ಹಾಕಿ ಕಾಯುತ್ತಿರುವ ಮನುಷ್ಯನ ಜಾಗದಲ್ಲಿ ನಿಂತು ಯೋಚನೆ ಮಾಡಿ. ಯಾರೂ ಬಂದು ಬೆದರಿಸಬೇಕಾಗಿಯೇ ಇಲ್ಲ. ಅರ್ಜಿ ಕಡತದಲ್ಲಿ ಕೂತಿದೆ ಅನ್ನುವುದೇ ಸಾಕು.

ಇದರ ಮೇಲೆ ಪ್ರಚಾರದ ಹೆದರಿಕೆ. "ಅವ್ರು ಬಂದ್ರೆ ನಿಮ್ದು ನಿಂತೋಗ್ತದೆ, ಇವ್ರು ಬಂದ್ರೆ ನಿಮ್ಮನ್ನ ಯಾರೂ ಕೇಳಲ್ಲ." ಎಲ್ಲ ಪಕ್ಷದವರೂ ಇದನ್ನು ಮಾಡುತ್ತಾರೆ, ಯಾಕಂದರೆ ಇದು ಕೆಲಸ ಮಾಡುತ್ತದೆ. ಸಿಗುವುದರ ಖುಷಿಗಿಂತ ಕಳೆದುಕೊಳ್ಳುವ ನೋವು ನಮಗೆ ದೊಡ್ಡದು ಅಂತ ಕಾನಮನ್ ಮತ್ತು ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಬರೆದರು. ಅದನ್ನು ಓದದೇ ಇದ್ದವರೂ ಊರೂರಲ್ಲಿ ಅದನ್ನೇ ಬಳಸುತ್ತಿದ್ದಾರೆ.

ಇನ್ನು ಋಣ. ಇಲ್ಲಿ ಕುಬಟೂರಿನ ಮಗನ ಕತೆ ಬರುತ್ತದೆ. ಬಂಗಾರಪ್ಪ 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಸೊರಬದಲ್ಲಿ ಗೆದ್ದರು. ಅಲ್ಲಿಂದ 1994ರವರೆಗೆ ಸತತ ಏಳು ಸಲ ಅಲ್ಲೇ ಗೆದ್ದರು, 1994ರಲ್ಲಿ ತಮ್ಮದೇ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ. ಆಮೇಲೆ ಶಿವಮೊಗ್ಗ ಲೋಕಸಭೆಗೆ 1999ರಲ್ಲಿ ಕಾಂಗ್ರೆಸ್, 2004ರಲ್ಲಿ ಬಿಜೆಪಿ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷ. ಚಿಹ್ನೆ ಬದಲಾದರೂ ಜನ ಹಾಕಿದರು. 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಬಂದ ಆಶ್ರಯ ಮನೆ, ಗುಡಿಗಳಿಗೆ ಆರಾಧನಾ, ರೈತರ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ಕರೆಂಟು ಇವನ್ನೆಲ್ಲ ಜನ ನೆನಪಿಟ್ಟುಕೊಂಡರು.

ಇದನ್ನು ನೋಡಿ "ಭಕ್ತಿ", "ಗುಲಾಮಗಿರಿ" ಅನ್ನುವವರಿದ್ದಾರೆ. ನಮ್ಮಲ್ಲೂ ಇಬ್ಬರು ಹಾಗೇ ಅಂದರು. ಆದರೆ ಪೂರ್ತಿ ದಾಖಲೆ ನೋಡಿ. 1998ರಲ್ಲಿ ಬಂಗಾರಪ್ಪ ಶಿವಮೊಗ್ಗದಲ್ಲಿ ಸೋತರು. 2008ರಲ್ಲಿ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಎದುರು ನಿಂತು ಸೋತರು, 2009ರಲ್ಲಿ ಲೋಕಸಭೆಗೆ ಮತ್ತೆ ಸೋತರು. ಸೊರಬದಲ್ಲಿ 2004ರಲ್ಲಿ ಅವರ ಇಬ್ಬರು ಮಕ್ಕಳೇ ಎದುರಾಬದುರಾದಾಗ ಜನ ಕುಮಾರ್ ಅವರನ್ನು ಗೆಲ್ಲಿಸಿದರು. 2008ರಲ್ಲಿ ಇಬ್ಬರನ್ನೂ ಬಿಟ್ಟು ಹರತಾಳು ಹಾಲಪ್ಪ, 2013ರಲ್ಲಿ ಮಧು, 2018ರಲ್ಲಿ ಕುಮಾರ್, 2023ರಲ್ಲಿ 44 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಮಧು. ಶಿಕಾರಿಪುರದಲ್ಲೂ ಅಷ್ಟೇ. 1983ರಿಂದ ಗೆಲ್ಲಿಸುತ್ತ ಬಂದ ಯಡಿಯೂರಪ್ಪನವರನ್ನು 1999ರಲ್ಲಿ ಅಲ್ಲಿನ ಜನ ಸೋಲಿಸಿದರು. ಋಣವೇ ಎಲ್ಲ ಆಗಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಪ್ರೀತಿ ಇಟ್ಟುಕೊಂಡೇ ಲೆಕ್ಕ ಕೇಳುವುದು ಈ ಎರಡೂ ತಾಲ್ಲೂಕಿನವರಿಗೆ ಗೊತ್ತು.

ಹಾಗಾಗಿ ಒಂದು ವ್ಯತ್ಯಾಸ ಮಾಡಿಕೊಳ್ಳಬೇಕು. ಮೆಚ್ಚುಗೆ ಬೇರೆ, ಋಣ ಬೇರೆ. ಒಬ್ಬ ನಾಯಕ ಮನೆ ಕೊಡಿಸಿದರೆ, ಕೆರೆ ತುಂಬಿಸಿದರೆ ಮೆಚ್ಚಿ ವೋಟು ಹಾಕುವುದು ಸರಿಯೇ. ಪ್ರಜಾಪ್ರಭುತ್ವ ನಡೆಯುವುದೇ ಹಾಗೆ. ಆದರೆ ಅದು ಅವರ ಮನೆಯ ದುಡ್ಡಲ್ಲ, ನಮ್ಮ ತೆರಿಗೆ. ನಮ್ಮ ದುಡ್ಡಲ್ಲಿ ನಮ್ಮ ಕೆಲಸ ಚೆನ್ನಾಗಿ ಮಾಡಿದವರಿಗೆ ಶಹಬ್ಬಾಸ್ ಅನ್ನಬಹುದು. ಸಾಲಗಾರರಾಗಬೇಕಿಲ್ಲ.

ಋಣ ನಿಜವಾಗಿ ಕುತ್ತಿಗೆಗೆ ಬರುವುದು ಚುನಾವಣೆಯ ಹಿಂದಿನ ರಾತ್ರಿ. ಕುಬಟೂರಿನಿಂದ ಬರುವಾಗ ನಮ್ಮಲ್ಲೊಬ್ಬಳ ಅಜ್ಜಿಯ ಮನೆಯಲ್ಲಿ ಉಳಿದಿದ್ದೆವು. ಊರು ಬೇರೆ, ಹೆಸರು ಬೇಡ. ಊಟ ಆದ ಮೇಲೆ ಅಜ್ಜಿ ಹಿಂದಿನ ಯಾವುದೋ ಒಂದು ಚುನಾವಣೆಯ ವಿಷಯ ಹೇಳಿದರು. ರಾತ್ರಿ ಇಬ್ಬರು ಬಂದು ದುಡ್ಡು ಕೊಟ್ಟು, ತೆಂಗಿನಕಾಯಿ ಮುಟ್ಟಿಸಿ ಆಣೆ ಮಾಡಿಸಿಕೊಂಡು ಹೋದರಂತೆ. ಅಜ್ಜಿಗೆ ಇಷ್ಟ ಇದ್ದದ್ದು ಬೇರೆ ಅಭ್ಯರ್ಥಿ. "ಹಂಗಾದ್ರೆ ಒಳಗೆ ಹೋಗಿ ನಿಮಗೆ ಬೇಕಾದೋರಿಗೆ ಹಾಕಬಹುದಿತ್ತಲ್ಲ ಅಜ್ಜಿ, ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಅಂದೆವು. ಅಜ್ಜಿ ನಮ್ಮನ್ನು ನೋಡಿದ ರೀತಿ ಇನ್ನೂ ನೆನಪಿದೆ. "ಕಾಯಿ ಮುಟ್ಟಿ ಹೇಳಿದ ಮಾತು. ತಪ್ಪಕ್ಕಾಗ್ತದಾ?"

ನಮಗೆ ಕಾನೂನು ಗೊತ್ತಿತ್ತು, ಫೋನ್ ತೆಗೆದು ಓದಿಯೇ ಬಿಟ್ಟೆವು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ವೋಟಿಗೆ ಲಂಚ ಕೊಡುವುದು ಭ್ರಷ್ಟ ಆಚರಣೆ. ಜಾತಿಯಿಂದ ಹೊರಗೆ ಹಾಕುತ್ತೇವೆ ಅನ್ನುವುದು, ದೇವರ ಕೋಪಕ್ಕೆ ಗುರಿಯಾಗುತ್ತೀರಿ ಅಂತ ನಂಬಿಸುವುದು ಕೂಡ ಅದೇ ಕಲಮಿನಲ್ಲಿ ಬರುತ್ತದೆ. ಕಾಯ್ದೆ ಬರೆದವರಿಗೆ ನಮ್ಮ ದೇಶ ಚೆನ್ನಾಗಿ ಗೊತ್ತಿತ್ತು. ಕಾನೂನಿಗೆ ವಿರುದ್ಧವಾದ ಕರಾರು ಕರಾರೇ ಅಲ್ಲ, ಹಾಗಾಗಿ ಆ ಆಣೆಗೆ ಬೆಲೆ ಇಲ್ಲ ಅಂದೆವು. ಅಜ್ಜಿ ಕೇಳಿದ್ದು ಒಂದೇ ಮಾತು: "ನಿಮ್ಮ ಕಾನೂನು ದೇವ್ರಿಗೆ ಗೊತ್ತೇನೋ?"

ನಾವು ಸುಮ್ಮನಾದೆವು. ಆಮೇಲೆ ಯೋಚಿಸಿದಾಗ ಅನ್ನಿಸಿದ್ದು ಇದು. ಆ ರಾತ್ರಿಯ ವ್ಯವಹಾರದಲ್ಲಿ ಪ್ರಾಮಾಣಿಕರಾಗಿದ್ದವರು ಅಜ್ಜಿ ಒಬ್ಬರೇ. ಕೊಟ್ಟವರು ಕಾನೂನು ಮುರಿದರು, ಕಳಿಸಿದವರು ಮುರಿದರು. ಆದರೂ ಇಡೀ ವ್ಯವಹಾರ ನಿಂತಿದ್ದು ಅಜ್ಜಿ ಮಾತಿಗೆ ತಪ್ಪಲ್ಲ ಅನ್ನುವ ಗ್ಯಾರಂಟಿಯ ಮೇಲೆ. ಮೋಸ ಮಾಡುವವರು ಅಜ್ಜಿಯ ಸತ್ಯವನ್ನೇ ಅಡ ಇಟ್ಟುಕೊಂಡರು. ಚಂದ್ರಹಾಸನ ಕೈಗೆ ಪತ್ರ ಕೊಟ್ಟ ಹಾಗೆ. ಇಂಥವರನ್ನು "ಐನೂರು ರೂಪಾಯಿಗೆ ವೋಟು ಮಾರ್ಕೊಂಡೋರು" ಅಂತ ಮೀಮ್ ಮಾಡುವಾಗ ನಾವು ಬೈಯುತ್ತಿರುವುದು ಯಾರಿಗೆ?

ಹಾಗಂತ ಅಜ್ಜಿ ಮಾಡಿದ್ದು ಸರಿ ಅಂತ ನಾವು ಹೇಳುತ್ತಿಲ್ಲ. ದುಡ್ಡು ಮುಟ್ಟಬಾರದಿತ್ತು. ಮುಟ್ಟಿದ ಮೇಲೂ, ಆ ವೋಟು ಅಜ್ಜಿಯದು ಮಾತ್ರ ಆಗಿರಲಿಲ್ಲ. ಅದರಲ್ಲಿ ಊರ ಶಾಲೆಯ ಮಕ್ಕಳ ಪಾಲೂ ಇತ್ತು, ಇನ್ನೂ ವೋಟಿಲ್ಲದ ನಮ್ಮ ಪಾಲೂ ಇತ್ತು. ಇನ್ನೊಬ್ಬರ ವಸ್ತುವನ್ನು ಕೊಡುತ್ತೇನೆ ಅಂತ ಆಣೆ ಮಾಡಿದರೆ ಅದು ಧರ್ಮ ಹೇಗಾಗುತ್ತದೆ? ಕಾನೂನಿನ ಬದಲು ಇದನ್ನು ಹೇಳಿದ್ದರೆ ಅಜ್ಜಿ ಒಪ್ಪುತ್ತಿದ್ದರೋ ಏನೋ. ಅವತ್ತು ನಮಗೆ ಹೊಳೆಯಲಿಲ್ಲ.

ಅಜ್ಜಿಗೆ ಇನ್ನೊಂದು ಅನುಮಾನವೂ ಇತ್ತು. "ಮಿಷನ್ನಾಗೆ ಚೀಟಿ ಬರ್ತದಂತಲ್ಲ, ಅವ್ರಿಗೆ ಗೊತ್ತಾಗ್ತದಂತೆ." ಇದಕ್ಕಾದರೂ ನಮ್ಮ ಎಂಜಿನಿಯರಿಂಗ್ ಉಪಯೋಗಕ್ಕೆ ಬರಲಿ. ವಿವಿಪ್ಯಾಟ್ ಚೀಟಿ 7 ಸೆಕೆಂಡ್ ಗಾಜಿನ ಹಿಂದೆ ಕಂಡು, ಕತ್ತರಿಸಿಕೊಂಡು ಪೆಟ್ಟಿಗೆಗೆ ಬೀಳುತ್ತದೆ. ಅದರ ಮೇಲೆ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುತ್ತದೆ. ಹಾಕಿದವರ ಹೆಸರು ಇರುವುದಿಲ್ಲ. ಇಷ್ಟನ್ನು ನಮ್ಮ ನಮ್ಮ ಮನೆಯ ಹಿರಿಯರಿಗೆ ಕೂತು ಹೇಳಿದರೆ ಸಾಕು, ಅರ್ಧ ಹೆದರಿಕೆ ಹೋಗುತ್ತದೆ.

ಇನ್ನರ್ಧ ಹೋಗುವುದಿಲ್ಲ, ಯಾಕಂದರೆ ಅದಕ್ಕೆ ಕಾರಣ ಇದೆ. ಯಂತ್ರ ಒಬ್ಬರ ವೋಟನ್ನು ಹೇಳದಿದ್ದರೂ ಬೂತಿನ ವೋಟನ್ನು ಹೇಳುತ್ತದೆ. ಫಲಿತಾಂಶ ಬೂತ್‌ವಾರು ಹೊರಗೆ ಬರುತ್ತದೆ. ಒಂದು ಬೂತ್ ಅಂದರೆ ಸಾವಿರದ ಆಚೀಚೆ ಮತದಾರರು, ಹಳ್ಳಿಯಲ್ಲಿ ಒಂದು ಊರು ಅಥವಾ ಒಂದೆರಡು ಕೇರಿ. "ನಿಮ್ಮೂರಲ್ಲಿ ನಮಗೆ ಬಂದಿದ್ದು ಇಷ್ಟೇ" ಅಂತ ಬೆರಳು ತೋರಿಸಬಹುದು. ಮತಪತ್ರ ಇದ್ದಾಗ ಬೇರೆ ಬೇರೆ ಬೂತಿನವನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶ ಇತ್ತು. ಇವಿಎಂ ಬಂದ ಮೇಲೆ ಅದು ಹೋಯಿತು. 14 ಬೂತುಗಳ ಮತ ಒಟ್ಟಿಗೆ ಕೂಡಿಸಿ ತೋರಿಸುವ 'ಟೋಟಲೈಸರ್' ಯಂತ್ರ ತರೋಣ ಅಂತ ಚುನಾವಣಾ ಆಯೋಗ 2008ರಲ್ಲೇ ಪ್ರಸ್ತಾಪಿಸಿತು. 2015ರಲ್ಲಿ ಕಾನೂನು ಆಯೋಗವೂ ತನ್ನ 255ನೇ ವರದಿಯಲ್ಲಿ ಶಿಫಾರಸು ಮಾಡಿತು. ಬಳಕೆಗೆ ಬರಲೇ ಇಲ್ಲ. ಎಂಜಿನಿಯರಿಂಗ್ ದೃಷ್ಟಿಯಿಂದ ಕಷ್ಟದ ಕೆಲಸ ಅಲ್ಲ, ಸೆಕೆಂಡ್ ಇಯರ್ ಲ್ಯಾಬಿನಲ್ಲಿ ನಾವು ಮಾಡುವ ಆ್ಯಡರ್‌ನ ದೊಡ್ಡ ಅಣ್ಣ. ಮನಸ್ಸು ಬೇಕು ಅಷ್ಟೇ.

ಗುಟ್ಟು ಎಷ್ಟು ಮುಖ್ಯ ಅನ್ನುವುದಕ್ಕೆ ನೋಟಾ ಒಂದು ಉದಾಹರಣೆ. ಮೊದಲು ಯಾರಿಗೂ ಹಾಕಲ್ಲ ಅನ್ನುವವರು ಬೂತಿನೊಳಗೆ ಎಲ್ಲರ ಎದುರು ರಿಜಿಸ್ಟರ್‌ನಲ್ಲಿ ಬರೆಸಿ ಸಹಿ ಮಾಡಬೇಕಿತ್ತು. ಇದು ಮತದಾನದ ಗುಟ್ಟನ್ನು ಮುರಿಯುತ್ತದೆ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಯಂತ್ರದಲ್ಲಿ ಆ ಬಟನ್ ಬಂತು. "ಬೇಡ" ಅನ್ನಲೂ ಒಂದು ಮರೆ ಬೇಕು.

2024ರ ಮೇ 7ಕ್ಕೆ ಶಿವಮೊಗ್ಗ ಲೋಕಸಭೆಗೆ ವೋಟು ನಡೆದಾಗ ನಾವಿನ್ನೂ ಪಿಯುಸಿ ಹುಡುಗರು, ಬೂತಿನ ಹೊರಗೆ ನಿಂತು ಅಪ್ಪ ಅಮ್ಮನ ಬೆರಳಿನ ಶಾಯಿಯ ಫೋಟೋ ತೆಗೆದವರು. ವಿಧಾನಸಭೆಗೆ ನಮ್ಮ ಮೊದಲ ವೋಟು ಇನ್ನು ಮುಂದಿದೆ. ಅಷ್ಟರೊಳಗೆ ನಾವು ಐದು ಜನ ಮೂರು ವಿಷಯ ಒಪ್ಪಿಕೊಂಡಿದ್ದೇವೆ. ಯಾರಾದರೂ ಹೆದರಿಸಿದರೆ, "ಏನು ಹೋಗುತ್ತೆ, ಯಾರು ಕಿತ್ಕೋತಾರೆ, ಯಾವ ಆದೇಶದಿಂದ?" ಅಂತ ಕೇಳುವುದು. ಉತ್ತರ ಇದ್ದರೆ ಅದು ನಿಜವಾದ ಹೆದರಿಕೆ, ಅದಕ್ಕೆ ತಕ್ಕಂತೆ ವೋಟು ಹಾಕುವುದರಲ್ಲಿ ತಪ್ಪಿಲ್ಲ. ಉತ್ತರ ಇಲ್ಲದಿದ್ದರೆ ಅದು ಫಾರ್ವರ್ಡ್ ಅಷ್ಟೇ. ಎರಡನೆಯದು, ಅಭ್ಯರ್ಥಿಗಳು ಸಲ್ಲಿಸುವ ಪ್ರಮಾಣಪತ್ರದಲ್ಲಿ ಕೇಸು, ಆಸ್ತಿ, ಸಾಲ, ಓದು ಎಲ್ಲ ಇರುತ್ತದೆ, ಚುನಾವಣಾ ಆಯೋಗದ ಆ್ಯಪ್‌ನಲ್ಲೇ ಸಿಗುತ್ತದೆ. ಅದನ್ನು ಬಿಚ್ಚಿ ಮನೆಯವರಿಗೆ ಓದಿ ಹೇಳುವುದು. ವಿಷಯೆ ಮಾಡಿದ ಕೆಲಸದ ಅರ್ಧ ಅದು. ಮೂರನೆಯದು ಚಿಕ್ಕದು: ಇನ್ನು ಮೇಲೆ ಸಿಆರ್ ಆಯ್ಕೆ ಚೀಟಿಯಲ್ಲೇ ಆಗಬೇಕು ಅಂತ ಕೇಳುವುದು.

ಕೊನೆಗೆ ಗೋಪಾಲಗೌಡರ ಕಾಲದ ಒಂದು ವಿಷಯ. ಅವರ ಚುನಾವಣೆಗೆ ಜನ ವೋಟಿನ ಜೊತೆಗೆ ಒಂದು ನೋಟನ್ನೂ ಕೊಡುತ್ತಿದ್ದರು. 'ಒಂದು ವೋಟು, ಒಂದು ನೋಟು' ಅನ್ನುವ ಮಾತು ಮಲೆನಾಡಿನಲ್ಲಿ ಈಗಲೂ ಇದೆ. ದುಡ್ಡು ಮತದಾರನಿಂದ ಅಭ್ಯರ್ಥಿಗೆ ಹೋಗುತ್ತಿತ್ತು. ಬಡ ರೈತರು, ಒಂದು ರೂಪಾಯಿ ಅಂದರೆ ದೊಡ್ಡ ಮೊತ್ತ. ಆದರೆ ಅಲ್ಲಿ ಋಣ ಯಾರಿಗೆ ಬಿತ್ತು ನೋಡಿ. ಗೆದ್ದವರು ಜನರಿಗೆ ಋಣಿ.

ನಮ್ಮ ಅಜ್ಜಿಯಂಥವರಿಗೆ ಋಣ ಬಿಡಿ, ಆಣೆ ಮರೆತುಬಿಡಿ ಅಂತ ಹೇಳುವುದಕ್ಕಿಂತ ಇದನ್ನು ನೆನಪಿಸುವುದು ಒಳ್ಳೆಯದು ಅಂತ ನಮಗನ್ನಿಸುತ್ತದೆ. ಋಣ ಇರಲಿ, ಅದು ಅವರ ತಲೆ ಮೇಲಿರಲಿ. ನಿಮಗೆ ಬೇರೆ ಅನ್ನಿಸಿದರೆ ಮುಂದಿನ ಸಂಚಿಕೆಗೆ ಬರೆದು ಕಳಿಸಿ, ಜಗಳ ಆಡೋಣ. ಕೈ ಎತ್ತಿ ಅಲ್ಲ, ಬರೆದು.